ಬ್ಲ್ಯಾಕ್‌ನವನು ಹೋದರೆ ಸೀಟು ಬಂದೀತೇ?

ತತ್ಕಾಲ್ ಟಿಕೆಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿಯಾದರೆ ಬಂಗಾರಪೇಟೆಯಲ್ಲೂ ಬೆಂಗಳೂರಿನಲ್ಲೂ ಜನ ಕೊಡುವ ತೀರ್ಪು ಒಂದೇ: ಬ್ಲ್ಯಾಕ್‌ನವರು ನುಂಗಿಬಿಟ್ಟರು, ಅವರನ್ನು ಒಳಗೆ ಹಾಕಿದರೆ ನಮಗೆ ಟಿಕೆಟ್ ಸಿಗುತ್ತದೆ. ಈ ನಂಬಿಕೆ ರೈಲ್ವೆಗೆ ಅನುಕೂಲಕರ, ಪ್ರಯಾಣಿಕನಿಗೆ ನಿರುಪಯುಕ್ತ.

ಬ್ಲ್ಯಾಕ್, ಕಾಳಸಂತೆ ಎಂಬ ಮಾತುಗಳು ಮನೆಮಾತಾದದ್ದು ಎರಡನೇ ಮಹಾಯುದ್ಧದ ಕಾಲದ ಪಡಿತರ ಮತ್ತು ಬೆಲೆ ನಿಯಂತ್ರಣದೊಂದಿಗೆ. ಸರಕು ಕಡಿಮೆ, ಬೆಲೆ ಸರ್ಕಾರ ಕಟ್ಟಿದ್ದು, ಬೇಕೆನ್ನುವವರು ಹೆಚ್ಚು. ಈ ಮೂರೂ ಕೂಡಿದಲ್ಲೆಲ್ಲ ಬ್ಲ್ಯಾಕ್ ಹುಟ್ಟುತ್ತದೆ. ಅಕ್ಕಿ, ಸೀಮೆಎಣ್ಣೆಯ ನಂತರ ಅದು ಟಾಕೀಸಿನ ಗೇಟಿಗೂ ಬಂತು. ದಲ್ಲಾಳಿ ಕೊರತೆಯಿಂದ ಹುಟ್ಟಿದವನು, ಕೊರತೆಯನ್ನು ಹುಟ್ಟಿಸಿದವನಲ್ಲ.

ಇದಕ್ಕೆ ಪುರಾವೆ ಬೇಕಾದವರು ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ಹಳಿಯನ್ನು ನೋಡಲಿ. ಚಿನ್ನದ ಗಣಿಗಾಗಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಕಿದ ಆ ಹಳಿ, 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಬಿಜಿಎಂಎಲ್ ಕಂಪನಿ ಮುಚ್ಚಿದ ಮೇಲೆ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗುವವರ ಜೀವನಾಡಿಯಾಯಿತು. ಬೆಳಗಿನ ಗಾಡಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಆದರೂ ಅಲ್ಲಿ ಬ್ಲ್ಯಾಕ್ ಟಿಕೆಟ್‌ಗೆ ಗಿರಾಕಿಯಿಲ್ಲ. ಜನರಲ್ ಟಿಕೆಟ್‌ಗೂ ಸೀಸನ್ ಪಾಸಿಗೂ ಮಿತಿಯೇ ಇಲ್ಲದಾಗ ಮಧ್ಯದವನಿಗೇನು ಕೆಲಸ? ಅಲ್ಲಿ ಒಬ್ಬ ದಲ್ಲಾಳಿಯೂ ಇಲ್ಲದೆ ಜನ ನಿಂತೇ ಹೋಗುತ್ತಾರೆ. ಕಾಯ್ದಿರಿಸಿದ ಬೋಗಿಯಲ್ಲಿ ವೇಟಿಂಗ್ ಲಿಸ್ಟ್ ಆಗಿ ತೋರುವ ಕೊರತೆ ಇಲ್ಲಿ ಬಾಗಿಲಿಗೆ ಜೋತುಬಿದ್ದ ಮೈಗಳಾಗಿ ತೋರುತ್ತದೆ.

ಹಾಗೆಂದು ದಲ್ಲಾಳಿ ನಿರಪರಾಧಿಯಲ್ಲ. ಸುಳ್ಳು ಐಡಿಗಳಿಂದ ಟಿಕೆಟ್ ಗುಡ್ಡೆಹಾಕುವವನು ಇನ್ನೊಬ್ಬರ ಸರದಿಯನ್ನು ಕದಿಯುತ್ತಾನೆ. 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಅವನಿಗೆ ಮೂರು ವರ್ಷದವರೆಗೆ ಸಜೆ ವಿಧಿಸಬಹುದು. ಈ ಕಲಂ ಇ-ಟಿಕೆಟ್‌ಗೂ ಅನ್ವಯಿಸುತ್ತದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಅಧಿಕೃತ ಏಜೆಂಟನೊಬ್ಬನ ಮೇಲಿನ ಪ್ರಕರಣ ಬಿದ್ದುಹೋಯಿತು: ಆ ಕಲಂ ಹಿಡಿಯುವುದು ಪರವಾನಗಿ ಇಲ್ಲದವನನ್ನು ಮಾತ್ರ. ಅಂದರೆ ಕಾನೂನು ಕೇಳುವುದು ಲೈಸೆನ್ಸ್ ಇದೆಯೇ ಎಂದು; ಪ್ರಯಾಣಿಕನ ಜೇಬಿನಿಂದ ಎಷ್ಟು ಹೋಯಿತೆಂಬುದು ಅದರ ಪ್ರಶ್ನೆಯಲ್ಲ.

ಜೇಬಿನ ಲೆಕ್ಕಕ್ಕೆ ಬಂದರೆ, ಬೇಡಿಕೆ ಏರಿದಂತೆ ದರ ಏರಿಸುವ ಜಾಣತನ ರೈಲ್ವೆಗೂ ಗೊತ್ತು. ಬಂಗಾರಪೇಟೆಯನ್ನು ಹಾದುಹೋಗುವ ಶತಾಬ್ದಿಯಂಥ ಗಾಡಿಗಳಿಗೆ 2016ರ ಸೆಪ್ಟೆಂಬರ್‌ನಲ್ಲಿ ಫ್ಲೆಕ್ಸಿ ದರ ತಂದಾಗ, ಹತ್ತು ಶೇಕಡಾ ಸೀಟು ತುಂಬಿದಂತೆಲ್ಲ ಮೂಲ ದರ ಹತ್ತು ಶೇಕಡಾ ಏರಿ ಒಂದೂವರೆ ಪಟ್ಟಿನವರೆಗೆ ಹೋಗುತ್ತಿತ್ತು. ಪ್ರೀಮಿಯಂ ತತ್ಕಾಲ್‌ನದೂ ಇದೇ ಜಾಡು. ಲಾಭ ಬೊಕ್ಕಸಕ್ಕೆ ಹೋಗುವುದು ವಾಸಿ ಎನ್ನಬಹುದು, ಒಪ್ಪೋಣ. ಆದರೆ ಹಣವಿಲ್ಲದವನ ಪಾಲಿಗೆ ಸೀಟು ಎರಡು ಕಡೆಯೂ ಕೈತಪ್ಪಿತು.

2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು. ಮೊದಲ ಅರ್ಧ ಗಂಟೆ ಏಜೆಂಟರಿಗೆ ಪ್ರವೇಶವಿಲ್ಲ. ಸರದಿ ನೇರವಾಗಲು ಇದು ಒಳ್ಳೆಯ ಕ್ರಮವೇ. ಆದರೆ ಇದರಿಂದ ಒಂದು ಬರ್ತೂ ಹೆಚ್ಚಲಿಲ್ಲ. ದಲ್ಲಾಳಿಗಳ ಬಂಧನವನ್ನು ಸಾಧನೆಯೆಂದು ಪ್ರಕಟಿಸುವ ರೈಲ್ವೆ, ಯಾವ ಮಾರ್ಗದಲ್ಲಿ ಎಷ್ಟು ಜನ ಟಿಕೆಟ್ ಸಿಗದೆ ಉಳಿದರು, ಅವರಿಗಾಗಿ ಎಷ್ಟು ಬೋಗಿ ಸೇರಿಸಿದೆವು ಎಂಬ ಲೆಕ್ಕವನ್ನೂ ಜೊತೆಗಿಡಲಿ. ಎಲ್ಲರಿಗೂ ಸೀಟಿರುವ ಗಾಡಿಯಲ್ಲಿ ಬ್ಲ್ಯಾಕ್‌ನವನಿಗೆ ವ್ಯಾಪಾರವಿಲ್ಲ.