ಹುಣ್ಣಿಮೆ ನೋಡಿ ಹೊನ್ನಾವರಕ್ಕೆ ಹೊರಡಿ

ಶಿವರಾತ್ರಿ ಕಳೆದರೆ ಸಾಕು, ಶಿಕಾರಿಪುರ, ಸೊರಬದ ಕಡೆಯ ಓದುಗರು ಈ ಅಂಕಣಕ್ಕೆ ಕೇಳುವ ಪ್ರಶ್ನೆ ಪ್ರತಿವರ್ಷ ಒಂದೇ. ಕೊನೆಕೊಯ್ಲು ಮುಗಿಯಿತು, ಎರಡು ದಿನ ಬಿಡುವಿದೆ, ಕಡಲ ಕಡೆ ಎಲ್ಲಿಗೆ ಹೋಗೋಣ? ನನ್ನ ಉತ್ತರವೂ ಬದಲಾಗಿಲ್ಲ. ಹೊನ್ನಾವರ. ಒಂದೇ ಊರು, ಎರಡು ರಾತ್ರಿ, ಕಾಲ್ನಡಿಗೆ.

ಟೆಂಪೊ ಟ್ರಾವೆಲರ್ ಪಂಥದವರಿಗೆ ಇದು ಹಿಡಿಸುವುದಿಲ್ಲ ಎಂದು ಬಲ್ಲೆ. ಅವರ ಪಟ್ಟಿಯಲ್ಲಿ ಹೊನ್ನಾವರ ಡೀಸೆಲ್ ಹಾಕಿಸುವ ಜಾಗ. ನಸುಕಿನಲ್ಲಿ ಹೊರಟು ಇಡಗುಂಜಿಯಲ್ಲಿ ಕೈಮುಗಿದು, ಮುರುಡೇಶ್ವರದ 123 ಅಡಿಯ ಶಿವನೆದುರು ಫೋಟೊ ತೆಗೆಸಿಕೊಂಡು, ಮಟಮಟ ಮಧ್ಯಾಹ್ನ ಮಿರ್ಜಾನ್ ಕೋಟೆ ಹತ್ತಿ, ಹೊತ್ತು ಮುಳುಗುವಷ್ಟರಲ್ಲಿ ಗೋಕರ್ಣ ಮುಟ್ಟಬೇಕು. ಒಂದೊಂದು ಜಾಗವೂ ನೋಡತಕ್ಕದ್ದೇ. ಮನೆಯ ಹಿರಿಯರಿಗೆ ದೇವರ ದರ್ಶನ ಮಾಡಿಸಲು ಹೊರಟವರು ಹಾಗೆ ಹೋಗುವುದರಲ್ಲಿ ತಪ್ಪಿಲ್ಲ. ನನ್ನ ತಕರಾರು ಇಷ್ಟೇ: ಆ ದಿನದಲ್ಲಿ ಸುಮ್ಮನೆ ನಿಲ್ಲಲು ಒಂದು ಗಳಿಗೆಯೂ ಇಲ್ಲ. ನಿಲ್ಲದವರಿಗೆ ಕರಾವಳಿಯ ಊರು ಕಾಣುವುದಿಲ್ಲ.

ಹೊರಡುವ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡಿ, ಭಾನುವಾರ ನೋಡಿ ಅಲ್ಲ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನಮ್ಮ ಈ ಕರಾವಳಿಯಲ್ಲಿ ಆ ದಿನಗಳಲ್ಲಿ ನೀರು ಇಳಿದಿರುವುದು ಹೆಚ್ಚುಕಡಿಮೆ ಬೆಳಗಿನ ಜಾವ ಮತ್ತು ಸಂಜೆ, ಏರಿರುವುದು ನಡುಹಗಲಿನ ಹೊತ್ತು. ಫಾಲ್ಗುಣ, ಚೈತ್ರಗಳಲ್ಲಿ ಘಟ್ಟದ ಕೆಳಗೆ ನಡೆಯಲು ಮೈ ಒಪ್ಪುವುದೂ ಬೆಳಿಗ್ಗೆ, ಸಂಜೆ ಮಾತ್ರ. ಹತ್ತು ಗಂಟೆ ದಾಟಿದರೆ ಸೆಕೆ ಆಳನ್ನು ಹಿಂಡುತ್ತದೆ. ಹೀಗೆ ಕಡಲಿನ ಲೆಕ್ಕವೂ ಬಿಸಿಲಿನ ಲೆಕ್ಕವೂ ಕೂಡಿಬರುವ ದಿನಗಳು ತಿಂಗಳಿಗೆ ಎರಡು ಸಲ ಸಿಗುತ್ತವೆ. ಉಬ್ಬರ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮೇಲ್ಪಟ್ಟು ತಡವಾಗುತ್ತ ಹೋಗುವುದರಿಂದ ಅಷ್ಟಮಿಯ ಹೊತ್ತಿಗೆ ಎಲ್ಲ ತಿರುವುಮುರುವು. ಮಧ್ಯಾಹ್ನವೆಲ್ಲ ಊಟ, ನಿದ್ದೆ. ಅದಕ್ಕೆ ಸಂಕೋಚ ಬೇಡ.

ಹೆದ್ದಾರಿಯ ಗದ್ದಲ ದಾಟಿದರೆ ಉಳಿದದ್ದು ಸಣ್ಣ ಊರು. ಮೀನುಪೇಟೆ, ಬಂದರು, ಶರಾವತಿಯ ದಂಡೆ, ರಾಮತೀರ್ಥ, ಎಲ್ಲಕ್ಕೂ ಕಾಲು ಸಾಕು. ಹೊಳೆಯಾಚೆಯ ಕಾಸರಕೋಡಿಗೆ ಮಾತ್ರ ಆಟೊ ಹಿಡಿಯಿರಿ, ಹೆದ್ದಾರಿ ಸೇತುವೆಯ ಮೇಲೆ ಲಾರಿಗಳ ಪಕ್ಕ ನಡೆಯುವುದು ಸುಖವಲ್ಲ. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂದ ಮೇಲೆ ಎಲ್ಲರೂ ಮರಳಿಗೇ ಓಡುತ್ತಾರೆ. ನೀವು ಮೊದಲು ಕಾಂಡ್ಲಾಕಾಡಿನ ನಡುವೆ ಹಾಕಿರುವ ಕಾಲುದಾರಿಗೆ ಹೋಗಿ. ನೀರು ಇಳಿದಾಗ ಒಮ್ಮೆ, ಏರಿದಾಗ ಒಮ್ಮೆ ನೋಡಿದರೆ ಎರಡು ಬೇರೆ ಕಾಡು. ದಂಡೆಯಿಂದ ರೈಲು ಸೇತುವೆಯೂ ಕಾಣುತ್ತದೆ. ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲುಮಾರ್ಗದಲ್ಲೇ ಅತಿ ಉದ್ದದ್ದು.

ಘಟ್ಟದ ಮೇಲಿನವರಾಗಿ ನಾವು ಅಳಿವೆಯಲ್ಲಿ ನಿಂತು ನೆನೆಯಬೇಕಾದ ಸಂಗತಿಯೊಂದಿದೆ. ಅರಬ್ಬೀ ಸಮುದ್ರ ಇಷ್ಟು ಹತ್ತಿರವಿದ್ದರೂ ನಮ್ಮ ಹೊಳೆಗಳು ಅತ್ತ ತಿರುಗುವುದಿಲ್ಲ. ದಂಡಾವತಿ ವರದೆಗೆ ಸೇರುತ್ತದೆ, ವರದೆಯೂ ಕುಮುದ್ವತಿಯೂ ತುಂಗಭದ್ರೆಗೆ. ಸೊರಬದ ಮಳೆ ಕೊನೆಗೆ ಬಂಗಾಳ ಕೊಲ್ಲಿಯ ಪಾಲು. ಪಕ್ಕದ ಶರಾವತಿ ಮಾತ್ರ ಪಡುವಣಕ್ಕೆ ಇಳಿದಳು, ಅವಳನ್ನೂ 1964ರಲ್ಲಿ ಲಿಂಗನಮಕ್ಕಿಯಲ್ಲಿ ಕಟ್ಟಿಹಾಕಿದೆವು. ಅಂದಿನಿಂದ ಮಳೆಗಾಲದ ನೀರು ಟರ್ಬೈನು ತಿರುಗಿಸಿ ವರ್ಷವಿಡೀ ಕೆಳಗೆ ಬರುತ್ತದೆ. ಬೇಸಿಗೆಯಲ್ಲಿ ಉಪ್ಪಾಗಬೇಕಿದ್ದ ಅಳಿವೆ ಉಪ್ಪಾಗುವುದಿಲ್ಲ. ಉಪ್ಪುನೀರನ್ನೇ ನೆಚ್ಚಿದ ಬಳಚು, ಚಿಪ್ಪಿಕಲ್ಲುಗಳು ಇಲ್ಲಿ ಕಡಿಮೆಯಾದವು. ಅಣೆಕಟ್ಟೇ ಇಲ್ಲದ ಕುಮಟೆಯ ಅಘನಾಶಿನಿಯಲ್ಲಿ ಅವು ಇನ್ನೂ ಯಥೇಚ್ಛ. ನಮ್ಮ ಮನೆಯ ದೀಪಕ್ಕೂ ಹೊನ್ನಾವರದ ಬುಟ್ಟಿಗೂ ಇರುವ ಈ ನಂಟು ವ್ಯಾನಿನ ಕಿಟಕಿಯಿಂದ ಕಾಣುವಂಥದ್ದಲ್ಲ.

ವಸತಿ, ಊಟದ ವಿಚಾರ ಬರೆಯಬೇಕೆಂದಿದ್ದೆ. ಅದನ್ನು ಮುಂದಕ್ಕೆ ಹಾಕುತ್ತೇನೆ, ದಾರಿಯ ಮಾತು ಅದಕ್ಕಿಂತ ದೊಡ್ಡದು. ಸೊರಬದವರು ಸಿದ್ದಾಪುರ, ಮಾವಿನಗುಂಡಿಯ ಮೇಲೆ, ಶಿಕಾರಿಪುರದವರು ಆನಂದಪುರ, ಸಾಗರ, ತಾಳಗುಪ್ಪದ ಮೇಲೆ ಹೋಗಿ ಮಲೆಮನೆ ಘಟ್ಟ ಇಳಿದು ಗೇರುಸೊಪ್ಪೆ ಸೇರುತ್ತೀರಿ. (ಸಿದ್ದಾಪುರದ ಸುತ್ತ ಆಲೆಮನೆ ಇನ್ನೂ ನಡೆಯುತ್ತಿದ್ದರೆ ಇಳಿದು ಕಬ್ಬಿನ ಹಾಲು ಕುಡಿದೇ ಮುಂದೆ ಹೋಗಬೇಕು.) ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಹೊಳೆ ನಿಮ್ಮ ಜೊತೆಗಾರ. ಮೆಣಸಿನ ಹೇರುಗಳು ಇಳಿದ ದಾರಿಯ ಸೀಮೆ ಇದು.

ಇದೇ ಸೀಮೆಯನ್ನು ಕೆಳಗಿನಿಂದ ಮೇಲಕ್ಕೆ ಕ್ರಮಿಸಿ ಬರೆದವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ನಾನು ಮತ್ತೆ ಮತ್ತೆ ತೆರೆಯುವ ಪ್ರವಾಸಕಥನ ಅವನದು. 1623ರಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದಾಗ ಇವನೂ ಕೂಡಿಕೊಂಡ. ಯಾವ ವ್ಯವಹಾರವೂ ಇಲ್ಲ, ನೋಡುವ ಆಸೆಯೊಂದೇ. ಹೊನ್ನಾವರದಲ್ಲಿ ಕಾದ, ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ, ಆ ಹೊಳೆಯ ಪಯಣವನ್ನು ಮನಸಾರೆ ಹೊಗಳಿದ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಪಟ್ಟಣ ಅವನ ಕಣ್ಣಿಗೆ ಬೀಳುವಷ್ಟರಲ್ಲಿ ಹಾಳುಬಿದ್ದು ಮರಗಿಡ ಬೆಳೆದಿತ್ತು. ಅವಳನ್ನು ಸೋಲಿಸಿದವನೂ ಅದೇ ವೆಂಕಟಪ್ಪ ನಾಯಕ.

ಅವನ ಬರಹದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಘಟ್ಟ ಹತ್ತಿದ ಮೇಲಿನದು. ಹೇರು ಕಟ್ಟುವವರು ಇನ್ನೂ ಸಿದ್ಧವಾಗಿರಲಿಲ್ಲ. ಕಾಯಬೇಕಾಗಿ ಬಂದು ಗುಡಿಯ ಜಗಲಿಯಲ್ಲಿ ಕುಳಿತ. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಪಾಠ ಹೇಳುತ್ತ ನೆಲಕ್ಕೆ ಹರಡಿದ ನುಣ್ಣನೆ ಮರಳಿನ ಮೇಲೆ ಬೆರಳಿನಿಂದ ಬರೆಯುವನು, ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದರೆ ಅಳಿಸಿ ಹೊಸ ಮರಳು. ಮೇಷ್ಟರಿಲ್ಲ. ಮರೆತರೆ ಯಾರು ತಿದ್ದುತ್ತಾರೆ ಎಂದು ಅವನು ವಿಚಾರಿಸಿದ. ನಾಲ್ವರೂ ಒಟ್ಟಿಗೆ ಮರೆಯಲಾರೆವಲ್ಲ, ಹಾಗಾಗಿ ನಾವೇ ಕಲಿತುಕೊಳ್ಳುತ್ತೇವೆ ಎಂಬರ್ಥದ ಉತ್ತರ ಬಂತು. ನಾನೂರು ವರ್ಷದ ಹಿಂದೆ ಮಲೆನಾಡಿನ ಮಕ್ಕಳು ಮಗ್ಗಿ ಕಲಿತ ಬಗೆ ನಮಗೆ ಇಷ್ಟು ಸ್ಪಷ್ಟವಾಗಿ ಸಿಕ್ಕಿರುವುದು ಹೇರು ಕಟ್ಟಲು ತಡವಾದದ್ದರಿಂದ. ಎರಡು ದಿನಕ್ಕೆ ಒಂದೇ ಊರು ಸಾಕೆಂದು ನಾನು ಹಟ ಹಿಡಿಯುವುದು ಈ ಜಗಲಿಯ ಬಲದ ಮೇಲೆ.

ಅವನಿಗೂ ಮುನ್ನೂರು ವರ್ಷ ಹಿಂದೆ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತನಿಗೂ ಶಾಲೆಗಳೇ ಕಣ್ಣಿಗೆ ಬಿದ್ದವು: ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದು ಬರೆದಿಟ್ಟ. ಊಟವನ್ನೂ ಬಿಡಲಿಲ್ಲ. ಅನ್ನ, ತುಪ್ಪ, ಮೆಣಸಿನ ಗೊಂಚಲಿನ ಉಪ್ಪಿನಕಾಯಿ, ಹಸಿಶುಂಠಿ, ನಿಂಬೆ, ಮಾವು, ಆಮೇಲೆ ಕೋಳಿ, ಮೀನು, ಕೊನೆಗೆ ಮೊಸರು. ಮುಂದಿನ ವಾರ ಊಟದ ವಿಚಾರ ಬರೆಯುವಾಗ ಈ ಎಲೆಯಿಂದಲೇ ಶುರುಮಾಡುತ್ತೇನೆ.

ಮರಳುವಾಗ ಸಾಗರದಲ್ಲಿ ಇಳಿದು ಇಕ್ಕೇರಿಗೆ ಹೋಗಿಬನ್ನಿ. ಇಲ್ಲಿನ ಬೀದಿಯಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಹಾಡುತ್ತ ಕುಣಿಯುವುದನ್ನು ದೆಲ್ಲಾ ವಾಲ್ಲೆ ಕಂಡು ಬರೆದಿದ್ದಾನೆ. ಇಂದು ಉಳಿದಿರುವುದರಲ್ಲಿ ದೊಡ್ಡದು ಅಘೋರೇಶ್ವರ ದೇವಾಲಯ. ಅದಕ್ಕೆ ಅರ್ಧ ದಿನ ಕೊಡಿ. ಸೊರಬ, ಶಿಕಾರಿಪುರದ ಕಡೆಗಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಸಾಗರದಲ್ಲಿ ಇಳಿದ ಕೂಡಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ.