ಬಂಡಿ ತುಂಬ ಬೀಜ, ಹೆಗಲ ಮೇಲೆ ಕ್ಯಾಮೆರಾ

ಸಂಕ್ರಾಂತಿ ಬಂತೆಂದರೆ ಚಿಂಚೋಳಿ ಗಡಿಯಾಚೆಯ ಜಹೀರಾಬಾದ್ ಸೀಮೆಯಲ್ಲಿ ಬಂಡಿಗಳು ಸಿಂಗಾರಗೊಳ್ಳುತ್ತವೆ. ಎತ್ತಿನ ಕೋಡಿಗೆ ಬಣ್ಣ, ಬಂಡಿಗೆ ತೆನೆಗಳ ತೋರಣ, ಒಳಗೆ ಬುಟ್ಟಿಬುಟ್ಟಿ ಬೀಜ. ಬಿಳಿಜೋಳದ ಪಕ್ಕ ಹಳದಿ ಜೋಳ, ಸಜ್ಜೆಯ ಪಕ್ಕ ನವಣೆ, ಸಾವೆ, ಹುರುಳಿ, ಗುರೆಳ್ಳು, ಕುಸುಬಿ. ಹಲಗೆ ಬಾರಿಸುತ್ತ ಈ ಮೆರವಣಿಗೆ ಸುಮಾರು ಒಂದು ತಿಂಗಳು ಹಳ್ಳಿಯಿಂದ ಹಳ್ಳಿಗೆ ಸುತ್ತಿ ಫೆಬ್ರವರಿಯಲ್ಲಿ ಮಾಚನೂರಿನಲ್ಲಿ ಮುಗಿಯುತ್ತದೆ. ಹಳೆಯ ಬೆಳೆಗಳ ಜಾತ್ರೆ ಎಂದು ಇದರ ಹೆಸರು. ತೇರಿಲ್ಲ, ದೇವರಿಲ್ಲ, ಬೀಜವೇ ಉತ್ಸವಮೂರ್ತಿ.

ಸಮುದಾಯ ಕಲೆ ಎಂಬ ಹೆಸರಿನಲ್ಲಿ ಪಟ್ಟಣದ ಗ್ಯಾಲರಿಗಳಲ್ಲಿ ನಡೆಯುವುದನ್ನೆಲ್ಲ ಕಂಡವರಿಗೂ ಈ ಬಂಡಿಗಳ ಸಾಲು ಒಂದು ತೂಕ ಹೆಚ್ಚು ಎನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಪ್ರದರ್ಶನಕ್ಕಿಟ್ಟದ್ದನ್ನು ಮುಂಗಾರಿಗೆ ಬಿತ್ತಬಹುದು, ಬೀಸಿ ರೊಟ್ಟಿ ತಟ್ಟಬಹುದು. ಗ್ಯಾಲರಿಯಲ್ಲಿ ಹಾಗೆ ಮಾಡಿದರೆ ಕಾವಲುಗಾರ ಬಿಟ್ಟಾನೆಯೇ?

ಜಾತ್ರೆಯ ಹಿಂದಿರುವುದು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ, ಎಲ್ಲರ ಬಾಯಲ್ಲಿ ಡಿಡಿಎಸ್. 1983ರಲ್ಲಿ ಶುರುವಾದ ಈ ಸಂಸ್ಥೆಯ ಬೆನ್ನೆಲುಬು ದಲಿತ ಹೆಣ್ಣುಮಕ್ಕಳ ಹಳ್ಳಿ ಸಂಘಗಳು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಕೃಷಿಗೆ ಬರುವ ಮೊದಲು ಅವರದು ದೂರದರ್ಶನದ ನೌಕರಿ. ಕಲಬುರಗಿಯ ಓದುಗರಿಗೆ ಕತೆ ತಮ್ಮದೇ ಅನ್ನಿಸುವುದು ಇಲ್ಲಿಂದ.

1975ರ ಆಗಸ್ಟ್ 1ರಿಂದ ಒಂದು ವರ್ಷ ಭಾರತದಲ್ಲಿ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ. ಕರ್ನಾಟಕದ ಪಾಲಿಗೆ ಸಿಕ್ಕ ಸೀಮೆ ಕಲಬುರಗಿ, ರಾಯಚೂರು, ವಿಜಯಪುರ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಹತ್ತಡಿ ಕೊಡೆಯನ್ನು ಆಕಾಶಕ್ಕೆ ಮುಖ ಮಾಡಿಸಿ, ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿಗೆಲ್ಲ ಕಾರ್ಯಕ್ರಮ. ಕನ್ನಡ, ತೆಲುಗು ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಆ ಪ್ರಯೋಗದಲ್ಲಿ ಕೈಯಾಡಿಸಿದವರಲ್ಲಿ ಸತೀಶ್ ಕೂಡ ಒಬ್ಬರು. 1977ರಲ್ಲಿ ಕಲಬುರಗಿಗೆ ತನ್ನದೇ ದೂರದರ್ಶನ ಕೇಂದ್ರ ಬಂದದ್ದಕ್ಕೂ ಈ ಪ್ರಯೋಗವೇ ಬುನಾದಿ.

ದೊಡ್ಡ ಸಾಹಸವೇ. ಆದರೆ ಒಕ್ಕಲುತನದ ಮಾತು ಮೇಲಿನಿಂದ ಇಳಿಯುತ್ತಿತ್ತು, ಕೆಳಗಿನಿಂದ ಏರುತ್ತಿರಲಿಲ್ಲ. ಹೊಲದಲ್ಲಿ ಇದ್ದವರು ಕೇಳುವವರು, ಹೈದರಾಬಾದಿನಲ್ಲಿ ಇದ್ದವರು ಹೇಳುವವರು.

ಡಿಡಿಎಸ್‌ನಲ್ಲಿ ಇದು ತಿರುಗುಮುರುಗಾಯಿತು. 1990ರ ದಶಕದ ಕೊನೆಗೆ ಸಂಘದ ಹೆಣ್ಣುಮಕ್ಕಳ ಕೈಗೇ ವಿಡಿಯೊ ಕ್ಯಾಮೆರಾ ಬಂತು. ಬಹುತೇಕ ಅಕ್ಷರ ಕಲಿಯದವರು, ಕೂಲಿ ಮಾಡಿ ಬೆಳೆದವರು. ಸಿನಿಮಾ ಶಾಲೆಯ ಪರಿಭಾಷೆ ಅವರಿಗೆ ಬೇಕಾಗಲಿಲ್ಲ. ಮೇಲಿಂದ ಕೆಳಗೆ ನೋಡುವ ಚಿತ್ರಿಕೆ 'ಪಟೇಲ ಶಾಟ್': ಗೌಡ ಕಟ್ಟೆಯ ಮೇಲೆ ಕೂತು ನೋಡುವ ಹಾಗೆ. ಕೆಳಗಿಂದ ಮೇಲೆ ನೋಡಿದರೆ ಜೀತದಾಳಿನ ಶಾಟ್. ಕಣ್ಣಿನ ಮಟ್ಟದಲ್ಲಿ ಎದುರುಬದುರಾಗಿ ಹಿಡಿದದ್ದು 'ಸಂಘಂ ಶಾಟ್', ಸಂಘದಲ್ಲಿ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂರುವುದರಿಂದ. ಕ್ಯಾಮೆರಾ ಕೋನಕ್ಕೂ ಅಧಿಕಾರಕ್ಕೂ ಇರುವ ನಂಟಿನ ಬಗ್ಗೆ ಬಂದಿರುವ ದಪ್ಪ ಪುಸ್ತಕಗಳು ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಿದಂತಿಲ್ಲ.

2002ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಾಗ ಇದೇ ಹೆಣ್ಣುಮಕ್ಕಳು ವಾರಂಗಲ್ಲಿಗೆ ಹೋಗಿ ಮೂರು ವರ್ಷ ಬೆಳೆಗಾರರ ಬೆನ್ನು ಹತ್ತಿ ಚಿತ್ರ ಮಾಡಿದರು. ಚಿತ್ರ ಒಂದು ಪಕ್ಷ ಹಿಡಿದು ಮಾತಾಡುತ್ತದೆ, ನಿಜ, ಒಪ್ಪದವರಿದ್ದಾರೆ. ಆದರೆ ಬೆಳೆಯ ಬಗ್ಗೆ ಮಾತಾಡುವವರು ಬೆಳೆ ತೆಗೆದು ಗೊತ್ತಿದ್ದವರು ಎಂಬುದು ಪ್ರತಿ ಚೌಕಟ್ಟಿನಲ್ಲೂ ಕಾಣುತ್ತದೆ.

ರೇಡಿಯೊದ್ದು ಇನ್ನೂ ಹಟದ ಕತೆ. ಯುನೆಸ್ಕೊ ನೆರವಿನಿಂದ ಮಾಚನೂರಿನಲ್ಲಿ ಕೇಂದ್ರ ಎದ್ದು ನಿಂತು ಎಷ್ಟೋ ವರ್ಷ ಪರವಾನಗಿ ಇರಲಿಲ್ಲ. ಕಾರ್ಯಕ್ರಮ ತಯಾರಿಸಿ ಕ್ಯಾಸೆಟ್ಟಿನಲ್ಲಿ ಸಂಘಗಳಿಗೆ ಕೇಳಿಸಬೇಕಿತ್ತು. ಕೊನೆಗೆ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಗಾಳಿಗೆ ಬಂತು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರೇ ಉದ್ಘಾಟನೆಗೆ ಬಂದಿದ್ದರು. ಯಾವ ಬೀಜ ಯಾವ ಮಳೆಗೆ, ಯಾವ ಸೊಪ್ಪು ಯಾವ ಸಾರಿಗೆ, ಎಲ್ಲವೂ ಅಲ್ಲಿ ಊರಿನ ಆಡುಮಾತಿನಲ್ಲೇ.

ಈಗ ಗಡಿಯ ಈಚೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ: ಇಂಥ ಕತೆ ಹೇಳಲು ಬೇಕಾದ ಕಚ್ಚಾ ಸಾಮಗ್ರಿಗೆ ಇಲ್ಲೇನು ಬರವಿಲ್ಲ. ನೆಲದಡಿ ಸುಣ್ಣಕಲ್ಲು, ಅದೇ ಶಹಾಬಾದಿನಲ್ಲಿ ಮನೆಯ ಹಾಸುಗಲ್ಲು, ವಾಡಿ-ಮಳಖೇಡದಲ್ಲಿ ಸಿಮೆಂಟು, ಸೇಡಮಿನ ಆಚೆ ತಾಂಡೂರಿನಲ್ಲಿ ತಾಂಡೂರು ಕಲ್ಲು. ಮೇಲಿನ ಮಣ್ಣಿಗೂ ಸುಣ್ಣದ ಋಣವಿದೆ, ತೊಗರಿಯ ರುಚಿಗೆ ಅದೇ ಕಾರಣ ಎನ್ನುವವರಿದ್ದಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮುದ್ರೆ ಬಿತ್ತು, ತಾಂಡೂರು ತೊಗರಿಗೆ 2022ರಲ್ಲಿ. ಒಂದೇ ಸೀಮೆ, ಎರಡು ಸರ್ಟಿಫಿಕೇಟು. ಬೇಳೆ ಬೇಯಿಸುವವರು ಮಾತ್ರ ಯಾವ ಅಂಗಡಿಯದು ಬೇಗ ಕರಗುತ್ತದೆ ಎಂದಷ್ಟೇ ವಿಚಾರಿಸುತ್ತಾರೆ.

ಕಲೆಯೂ ಇದೆ, ಎಳ್ಳಮಾವಾಸ್ಯೆಯ ದಿನ. ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ನೈವೇದ್ಯವನ್ನು ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಆಮೇಲೆ ಬಂಧುಬಳಗ, ಓಣಿಯವರು, ದಾರಿಹೋಕರು ಸೇರಿ ಊಟ. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಹಿಂಡಿ, ಎಲ್ಲಕ್ಕೂ ಮಿಗಿಲಾಗಿ ಭಜ್ಜಿ. ಹೊರಗಿನವರು ಭಜ್ಜಿ ಎಂದೊಡನೆ ಎಣ್ಣೆಯಲ್ಲಿ ಕರಿದದ್ದನ್ನು ಕಾಯುತ್ತಾರೆ. ಇದು ಹಸಿಗಾಳು, ಕಡಲೆ ಸೊಪ್ಪು, ಮೆಂತ್ಯೆ, ಬದನೆ, ಹುಣಸೆಹುಳಿ, ಕಡಲೆಹಿಟ್ಟು ಕೂಡಿ ಕುದ್ದ ಪಲ್ಯ. ಹೊಲದಲ್ಲಿ ಏನೇನು ಬೆಳೆದಿದೆ ಎಂಬುದರ ವರದಿ ಈ ಒಂದು ಪಾತ್ರೆಯಲ್ಲಿ ಸಿಗುತ್ತದೆ. ಬರೀ ತೊಗರಿ ಬಿತ್ತಿದವರ ಮನೆಯ ಭಜ್ಜಿಗೆ ಕಾಳು-ಸೊಪ್ಪು ಸಂತೆಯಿಂದ ಬರಬೇಕು, ತಿಂದವರ ನಾಲಿಗೆಗೆ ಅದು ತಿಳಿದುಬಿಡುತ್ತದೆ.

ಇನ್ನು ಕ್ಯಾಮೆರಾ, ರೇಡಿಯೊಗಳ ಜಾಗಕ್ಕೆ ಬಂದಿರುವ ಡಿಜಿಟಲ್ ಲೋಕ. 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಹಿಳಾ ಸಂಘಗಳು ತಟ್ಟಿದ ಜೋಳದ ರೊಟ್ಟಿ ಈಗ ಆನ್‌ಲೈನಿನಲ್ಲಿ ಬಿಕರಿಯಾಗುತ್ತಿದೆ. ಪ್ರಧಾನಿ 2025ರ ಜೂನ್ 29ರ 'ಮನ್ ಕಿ ಬಾತ್'ನಲ್ಲಿ ಇದನ್ನು ಎತ್ತಿ ಆಡಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ, ಬೆಂಗಳೂರಿನಲ್ಲೂ ಕೌಂಟರ್ ತೆರೆದಿದೆ ಎಂದರು. ಮನೆಗೆಲಸ ಎಂದು ಲೆಕ್ಕಕ್ಕೇ ಬಾರದಿದ್ದ ಬಡಿತಕ್ಕೆ ದರ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೂ ರೊಟ್ಟಿಯನ್ನು ಪ್ರೀತಿಸುವವರು ಸುಮ್ಮನಿರುವ ಜಾತಿಯವರಲ್ಲ. ಜೋಳ ಯಾವುದು, ಮಾಲದಂಡಿಯೋ ಬೇರೆಯೋ? ಎಷ್ಟು ದಿನದ ಹಿಂದೆ ಬೀಸಿದ್ದು? ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಒಡೆಯುತ್ತದೆ ಎಂಬುದು ತಟ್ಟುವ ಪ್ರತಿ ಕೈಗೂ ಗೊತ್ತು.

ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಜಾಹೀರಾತು ಬರೆಯುವವರಲ್ಲ, ರೊಟ್ಟಿ ತಟ್ಟುವವರು. ಸೇಡಮಿನ ಒಬ್ಬ ಅಕ್ಕ, ಚಿಂಚೋಳಿಯ ತಾಂಡಾದ ಒಬ್ಬಾಕೆ ತಮ್ಮದೇ ಫೋನಿನಲ್ಲಿ ಹೊಲ, ಕಣ, ಗಿರಣಿ, ಹಂಚು ತೋರಿಸಿದ ಎರಡು ನಿಮಿಷದ ತುಣುಕು ಪೊಟ್ಟಣದ ಮೇಲಿನ ಕ್ಯೂಆರ್ ಕೋಡಿನಲ್ಲಿ ಸಿಗಬಾರದೇಕೆ? ಕಲಿಸುವವರು ಬೇಕೆಂದರೆ ಮಾಚನೂರು ದೂರವಿಲ್ಲ. ಕೊನೆಯ ಬಂಡಿ ಅಲ್ಲಿಗೆ ತಲುಪುವುದು ಫೆಬ್ರವರಿಯಲ್ಲಿ, ಈ ಕಡೆ ತೊಗರಿ ರಾಶಿಯ ಕೆಲಸ ಹೆಚ್ಚುಕಡಿಮೆ ಮುಗಿದಿರುವ ಹೊತ್ತಿಗೆ.