ಬಾನೆಟ್ ತಣ್ಣಗಿದೆಯೇ?

ಹಳೆಯ ಡೀಸೆಲ್ ಕಾರು ನೋಡಲು ಹೋದವರು ಮೊದಲು ಮಾಡಬೇಕಾದ ಕೆಲಸಕ್ಕೆ ಯಾವ ಸಲಕರಣೆಯೂ ಬೇಡ. ಬಾನೆಟ್ ಮೇಲೆ ಅಂಗೈ ಇಟ್ಟರೆ ಸಾಕು. ಬೆಚ್ಚಗಿದ್ದರೆ, ಮಾರುವವನು ಆಗಲೇ ಒಂದು ಸುತ್ತು ಓಡಿಸಿ ತಂದಿದ್ದಾನೆ ಎಂದರ್ಥ. 'ನೀವು ಬರ್ತೀರಂತ ವಾಟರ್ ವಾಶ್ ಮಾಡಿಸ್ಕೊಂಡು ಬಂದೆ ಸಾರ್' ಎಂಬ ಮಾತು ನಿಜವೇ ಇರಬಹುದು. ಆದರೂ ಅವತ್ತು ಅವನು ಕೊಟ್ಟ ಕಾಫಿ ಕುಡಿದು ಎದ್ದು ಬರುವುದೇ ಸರಿ. ಮರುದಿನ ಬೆಳಿಗ್ಗೆ ಆರೂವರೆಗೆ, ರಾತ್ರಿಯಿಡೀ ನಿಂತಲ್ಲೇ ನಿಂತ ಕಾರನ್ನು ನೋಡಲು ಮತ್ತೆ ಹೋಗಬೇಕು.

ಇಷ್ಟು ಹಟ ಯಾಕೆಂದರೆ, ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ರಿಂಗ್ ಸವೆದು ಒತ್ತಡ ಸೋರಿದರೆ, ಇಂಜೆಕ್ಟರ್ ತೊಟ್ಟಿಕ್ಕಿದರೆ, ಹೀಟರ್ ಪ್ಲಗ್ ಸತ್ತಿದ್ದರೆ ಆ ಕಾವು ಸಾಲುವುದಿಲ್ಲ. ಬಿಸಿ ಎಂಜಿನ್ ಈ ರೋಗಗಳನ್ನೆಲ್ಲ ಮುಚ್ಚಿಡುತ್ತದೆ. ಮಾಗಿಯ ಮುಂಜಾವಿನಲ್ಲಿ ಒಂದೊಂದೂ ಬಯಲಿಗೆ ಬರುತ್ತದೆ.

ಕೀಲಿ ತಿರುಗಿಸಿದಾಗ ಸುರುಳಿಯಾಕಾರದ ಹಳದಿ ದೀಪ ಹೊತ್ತಿ ಆರುತ್ತದೆ. ಆರಿದ ಮೇಲೆ ಸೆಲ್ಫ್ ಹೊಡೆಯಬೇಕು, ಅದನ್ನೂ ಮಾರುವವನ ಕೈಯಲ್ಲೇ ಹೊಡೆಸಬೇಕು. ಕೊಳ್ಳುವವನ ಜಾಗ ಕಾರಿನ ಹಿಂದೆ, ಸೈಲೆನ್ಸರ್ ಪಕ್ಕ. ಒಂದು ಬುಗ್ಗೆ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಕಣ್ಣು ಉರಿಸುವ ಬಿಳಿ ಹೊಗೆ ನಿಮಿಷಗಟ್ಟಲೆ ಬರುತ್ತಾ, ಮಲೇರಿಯಾ ಹಿಡಿದವರಂತೆ ಎಂಜಿನ್ ನಡುಗಿದರೆ ಮೂರು ರೋಗಗಳ ಮೇಲೆ ಅನುಮಾನ: ಹೀಟರ್ ಪ್ಲಗ್, ಇಂಜೆಕ್ಟರ್, ಇಲ್ಲವೇ ಕಂಪ್ರೆಷನ್. ಮೊದಲನೆಯದು ಸಣ್ಣ ಖರ್ಚು, ಕೊನೆಯದೆಂದರೆ ಎಂಜಿನ್ ಬಿಚ್ಚಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೇ ಲೆಕ್ಕ.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಸುರಿಯುವ ಮುಚ್ಚಳವನ್ನು ಬಿಚ್ಚಿ, ಮಗುಚಿ, ಬಾಯಿಯ ಮೇಲೆ ಹಗುರವಾಗಿ ಇಟ್ಟು ನೋಡುವುದು ಗ್ಯಾರೇಜುಗಳ ಹಳೆಯ ಪರೀಕ್ಷೆ. ಮುಚ್ಚಳ ಅಲ್ಲೇ ಸಣ್ಣಗೆ ಅದುರುತ್ತಾ ಕೂತರೆ ಸರಿ. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಕುಣಿದು ಪಕ್ಕಕ್ಕೆ ಹಾರಿ, ಒಳಗಿಂದ ಹೊಗೆ ಭುಸುಗುಟ್ಟಿದರೆ ಪಿಸ್ಟನ್ ರಿಂಗ್‌ಗಳನ್ನು ದಾಟಿ ಗಾಳಿ ಕೆಳಗಿಳಿಯುತ್ತಿದೆ. ಡೀಸೆಲ್‌ನಲ್ಲಿ ಸ್ವಲ್ಪ ಆವಿ ಸಹಜ. ಎಷ್ಟು ಸ್ವಲ್ಪ ಎಂಬುದನ್ನು ಅದೇ ಮಾಡೆಲ್‌ನ ಒಳ್ಳೆಯ ಕಾರು ಒಂದನ್ನು ಮೊದಲೇ ನೋಡಿದವರು ಮಾತ್ರ ಹೇಳಬಲ್ಲರು. ಹಾಗಾಗಿ ಕನಿಷ್ಠ ಮೂರು ಕಾರು ನೋಡುವವರೆಗೆ ಮುಂಗಡದ ಮಾತೇ ಬೇಡ. ಗೇಜ್ ಎಳೆದಾಗ ಆಯಿಲ್ ಕಪ್ಪಗಿದೆಯೆಂದು ಗಾಬರಿಯಾಗಬೇಕಿಲ್ಲ, ಡೀಸೆಲ್ ಆಯಿಲ್ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಜೇನಿನ ಬಣ್ಣದಲ್ಲಿದ್ದರೇ ಅನುಮಾನ: ನಿನ್ನೆಯಷ್ಟೇ ಹಾಕಿಸಿದ್ದಾರೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿದ್ದು ಡೀಸೆಲ್ ವಾಸನೆ ಬಂದರೆ ಇಂಧನ ಕೆಳಗಿಳಿದು ಬೆರೆಯುತ್ತಿದೆ.

ಈ ಪುಟ್ಟ ಡೀಸೆಲ್ ಕಾರುಗಳು ಇಷ್ಟೊಂದು ಸಂಖ್ಯೆಯಲ್ಲಿ ಹಳೆ ಕಾರುಗಳ ಸಂತೆಯಲ್ಲಿ ನಿಂತಿರುವುದಕ್ಕೆ ಕಾರಣ ಬಂಕಿನ ಬೋರ್ಡಿನಲ್ಲಿದೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 2010ರ ಜೂನ್‌ನಲ್ಲೇ ಸಡಿಲವಾಯಿತು. ಡೀಸೆಲ್ ಮಾತ್ರ ಸಬ್ಸಿಡಿಯ ನೆರಳಿನಲ್ಲೇ ಇತ್ತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಲೀಟರಿಗೆ ಮೂವತ್ತು ರೂಪಾಯಿ ಉಳಿಯುತ್ತದೆಂದರೆ ಯಾರು ಬಿಟ್ಟಾರು? ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರೂ ಸ್ವಿಫ್ಟ್ ಡೀಸೆಲ್‌ಗೆ ತಿಂಗಳುಗಟ್ಟಲೆ ಕಾದರು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಏರುತ್ತಾ ಬಂದ ಡೀಸೆಲ್, 2014ರ ಅಕ್ಟೋಬರ್‌ನಲ್ಲಿ ಪೂರ್ತಿ ಮುಕ್ತವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಮಾರುತಿ, ಫೋಕ್ಸ್‌ವ್ಯಾಗನ್‌ಗಳು ಡೀಸೆಲ್ ಕೈಬಿಟ್ಟವು. 2025ರಲ್ಲಿ ಬೆಂಗಳೂರಿನ ಬಂಕುಗಳಲ್ಲಿ ಎರಡರ ಅಂತರ ಹನ್ನೆರಡು ರೂಪಾಯಿಯ ಸುತ್ತಮುತ್ತ. ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಓಡದವರಿಗೆ ಈಗ ಹಳೆಯ ಪೆಟ್ರೋಲ್ ಕಾರೇ ಲೇಸು ಎಂಬುದು ಈ ಅಂಕಣದ ಅಭಿಪ್ರಾಯ. ಹಾಸನದಿಂದ ಮಂಗಳೂರಿಗೆ ವಾರವಾರ ಘಟ್ಟ ಇಳಿದು ಹತ್ತುವವರ ಲೆಕ್ಕ ಬೇರೆ.

ಎಂಜಿನ್‌ಗಳ ಪೈಕಿ ಹೆಚ್ಚು ಕಾಣಸಿಗುವುದು ಫಿಯೆಟ್‌ನ 1.3 ಮಲ್ಟಿಜೆಟ್. 1,248 ಸಿಸಿಯ ಈ ನಾಲ್ಕು ಸಿಲಿಂಡರಿನ ಎಂಜಿನ್ 2007ರಲ್ಲಿ ಸ್ವಿಫ್ಟ್‌ಗೆ ಬಂತು. ಮುಂದೆ ರಿಟ್ಜ್, ಡಿಜೈರ್, ಪುಂಟೊ, ಇಂಡಿಕಾ ವಿಸ್ತಾಗಳಲ್ಲೂ ಕೂತು 'ರಾಷ್ಟ್ರೀಯ ಎಂಜಿನ್' ಎಂಬ ಅಡ್ಡಹೆಸರು ಪಡೆಯಿತು. ಹಳ್ಳಿ ಗ್ಯಾರೇಜಿನ ಹುಡುಗನಿಗೂ ಇದರ ನಾಡಿ ಗೊತ್ತು, ಬಿಡಿಭಾಗಕ್ಕೆ ಬರವಿಲ್ಲ. ದೌರ್ಬಲ್ಯವೆಂದರೆ ಟೈಮಿಂಗ್ ಚೈನ್. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಹೋದ ಕಾರಿನಲ್ಲಿ ಚೈನ್ ಸಡಿಲಾಗಿ, ತಣ್ಣನೆಯ ಸ್ಟಾರ್ಟ್‌ನಲ್ಲಿ ಡಬ್ಬಿಯೊಳಗೆ ಮೊಳೆ ಹಾಕಿ ಅಲ್ಲಾಡಿಸಿದಂತೆ ಕೇಳುತ್ತದೆ. ಎರಡು ಮೂರು ಸೆಕೆಂಡಿಗೆ ನಿಂತರೂ ಅದನ್ನು ಕಿವಿಯಿಂದ ಬಿಡಬಾರದು. ಬಿಸಿಯಾದ ಮೇಲೆ ಕೇಳಿಸದೇ ಹೋಗಬಹುದು, ಅಲ್ಲೂ ಮತ್ತೆ ತಣ್ಣನೆಯ ಬಾನೆಟ್ಟೇ ಗತಿ.

ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊಗಳಲ್ಲಿ ಚೈನ್ ಬದಲು ಬೆಲ್ಟ್. ಬೆಲ್ಟ್ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಕಡಿದ ಕ್ಷಣವೇ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಹಾಳು. ಬದಲಿಸಿದ ಬಿಲ್ ಕೈಗೆ ಸಿಗದಿದ್ದರೆ, ಬದಲಿಸಿಲ್ಲವೆಂದೇ ಲೆಕ್ಕಹಾಕಿ ಅಷ್ಟನ್ನು ಬೆಲೆಯಲ್ಲಿ ಕಳೆಯಬೇಕು. ಫೋರ್ಡ್ 2021ರಲ್ಲಿ ಭಾರತದ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ ಮೇಲೆ ಫಿಗೊ ಅಗ್ಗವಾಯಿತು. ಓಡಿಸಲು ಅಷ್ಟು ಖುಷಿ ಕೊಡುವ ಪುಟ್ಟ ಡೀಸೆಲ್ ಇನ್ನೊಂದಿಲ್ಲ, ಅದರಲ್ಲೂ 2015ರ ನಂತರದ 100 ಪಿಎಸ್‌ನ 1.5. ಹತ್ತಿರದಲ್ಲಿ ಅದನ್ನು ಬಲ್ಲ ಮೆಕ್ಯಾನಿಕ್ ಇದ್ದರೆ ಮಾತ್ರ ಆ ಖುಷಿಗೆ ಕೈಹಾಕಬಹುದು. ಹ್ಯುಂಡೈ ಐ20 ಆರು ಗೇರಿನ ನಯವಾದ ಹೆದ್ದಾರಿ ಕಾರು. ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಟೊಯೊಟ ಲಿವಾ ನೋಡಲು ಸಪ್ಪೆ, 1,364 ಸಿಸಿಯ ಎಂಜಿನ್‌ಗೆ ಅವಸರವೂ ಇಲ್ಲ, ಆದರೆ ತಾಳಿಕೆಗೆ ಹೆಸರಾದದ್ದು. ಅದೇ ಕಾರಣಕ್ಕೆ ಹಳದಿ ಬೋರ್ಡಿನಲ್ಲಿ ದುಡಿದು, ಆಮೇಲೆ ಬಿಳಿ ಬೋರ್ಡಾದ ಕಾರುಗಳು ಈ ಗುಂಪಿನಲ್ಲಿ ಸಿಗಬಹುದು. ನೋಂದಣಿ ಇತಿಹಾಸ ತೆಗೆಸಿ ನೋಡದೆ ಮುಂದುವರಿಯಬಾರದು.

ಬಿಎಸ್ 6 ಕಾಲದ ಡೀಸೆಲ್‌ಗಳಾದರೆ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹೆದ್ದಾರಿಯ ಓಟದಲ್ಲಿ ಕಾದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೇ ಆಯುಷ್ಯ ಕಳೆದ ಕಾರಿನಲ್ಲಿ ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳು ಕೀಲಿ ತಿರುಗಿಸಿದಾಗ ಹೊತ್ತುತ್ತವೆಯೇ ಎಂದೂ ನೋಡಬೇಕು. ಹೊತ್ತದೇ ಇರುವ ಎಚ್ಚರಿಕೆ ದೀಪ, ಹೊತ್ತಿಯೇ ಇರುವ ದೀಪಕ್ಕಿಂತ ಅಪಾಯ. ಯಾರೋ ತೆಗೆದಿರಬಹುದು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ವಯಸ್ಸು ತಿಳಿಯಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಮಾರುವವನ ಮಾತು ಕೇಳುವುದಿಲ್ಲ. ಕಾರು ಕೊಳ್ಳುವವರು ಮಾತ್ರ ಮೀಟರ್ ಹೇಳಿದ್ದನ್ನು ನಂಬಿ ಮನೆಗೆ ಬರುತ್ತಾರೆ. ಹನ್ನೊಂದು ವರ್ಷದ ಡೀಸೆಲ್ ಸ್ವಿಫ್ಟ್, ಮೀಟರಿನಲ್ಲಿ 45,000. ಸಿಂಗಲ್ ಓನರ್, ಡಾಕ್ಟರ್ ಕಾರು. (ಹಳೆ ಕಾರುಗಳ ಜಾಹೀರಾತು ಓದಿದರೆ ಕರ್ನಾಟಕದಲ್ಲಿ ಡಾಕ್ಟರುಗಳನ್ನು ಬಿಟ್ಟು ಬೇರೆ ಯಾರೂ ಹೊಸ ಕಾರೇ ಕೊಳ್ಳುವುದಿಲ್ಲವೇನೋ ಅನಿಸುತ್ತದೆ.) ಲೆಕ್ಕ ಹಾಕಿದರೆ ದಿನಕ್ಕೆ ಹನ್ನೊಂದು ಕಿಲೋಮೀಟರ್. ಅಷ್ಟಕ್ಕೆ ಹೆಚ್ಚು ಹಣ ತೆತ್ತು ಡೀಸೆಲ್ ಕೊಂಡರೇ? ಒಂದೋ ಮೀಟರ್ ತಿರುಗಿಸಿದ್ದಾರೆ, ಇಲ್ಲವೇ ಆ ಕಾರು ನಿಜವಾಗಿಯೂ ಮನೆಯಿಂದ ಕ್ಲಿನಿಕ್‌ಗೆ, ಕ್ಲಿನಿಕ್‌ನಿಂದ ಮನೆಗೆ ಹೋಗಿಬಂದು, ಎಂಜಿನ್ ಒಮ್ಮೆಯೂ ಸರಿಯಾಗಿ ಕಾಯದೆ ಇಜಿಆರ್ ವಾಲ್ವ್ ತುಂಬ ಮಸಿ ಕಟ್ಟಿಕೊಂಡಿದೆ. ಎರಡೂ ಒಳ್ಳೆಯ ಸುದ್ದಿಯಲ್ಲ. ಹುಬ್ಬಳ್ಳಿ–ಬೆಂಗಳೂರು ಓಡಿ 1,40,000 ತುಂಬಿದ, ಪ್ರತಿ ಸರ್ವೀಸಿನ ಬಿಲ್ ಇರುವ ಕಾರನ್ನು ಬಲ್ಲವರು ಆರಿಸುವುದು ಅದಕ್ಕೇ.

ಕಾರಿನ ಹಲ್ಲುಗಳು ಬೇರೆ ಕಡೆ ಇವೆ. ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿದೆಯೇ, ಸ್ಟೀರಿಂಗಿನ ಚರ್ಮ ಮಿರುಗುತ್ತಿದೆಯೇ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 3419 ಎಂದರೆ 2019ರ ಮೂವತ್ತನಾಲ್ಕನೇ ವಾರ. 2014ರ ಕಾರಿಗೆ 2019ರಲ್ಲಿ ಹೊಸ ಟೈರು ಹಾಕಿ, ಅವೂ ಈಗ ಬೋಳಾಗಿದ್ದರೆ 45,000ದ ಕಥೆ ಅಲ್ಲಿಗೆ ಮುಗಿಯಿತು. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕಾರಿನ ಹಳೆಯ ದಾಖಲೆಯನ್ನು ಮಾಲೀಕರ ಕೈಯಲ್ಲೇ ಕೇಳಿಸುವುದು ಉತ್ತಮ. ಹಿಂಜರಿದರೆ ಅದೂ ಒಂದು ಉತ್ತರ.

ಊರು ಕೂಡ ಕಾರಿನ ಮೇಲೆ ತನ್ನ ಗುರುತು ಬಿಡುತ್ತದೆ. ಕೆಎ 19, ಕೆಎ 20 ಎಂದರೆ ಮಂಗಳೂರು, ಉಡುಪಿ; ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಬಾಗಿಲುಗಳ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯೊಳಗೆ ಸ್ಟೆಪ್ನಿ ಕೂರುವ ಗುಂಡಿ, ಇಲ್ಲಿ ಬೆರಳಾಡಿಸಿದರೆ ತುಕ್ಕು ಸಿಗುತ್ತದೆ. ಕೆಎ 12ರ ಮಡಿಕೇರಿ, ಕೆಎ 18ರ ಚಿಕ್ಕಮಗಳೂರಿನ ಕಾರುಗಳಲ್ಲಿ ಕ್ಲಚ್ ಮತ್ತು ಸಸ್ಪೆನ್ಷನ್ ಬುಷ್. ಬೆಂಗಳೂರಿನದಾದರೆ 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಮುಳುಗಿದ್ದ ಕಾರುಗಳನ್ನು ಮರೆಯಬಾರದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ: ತೊಳೆಯುವವರು ಮ್ಯಾಟು, ಸೀಟು ಎಲ್ಲ ತೊಳೆಯುತ್ತಾರೆ, ಬೆಲ್ಟಿನ ಒಳಸುರುಳಿ ತೊಳೆಯಲು ಮರೆಯುತ್ತಾರೆ. ಕೆಸರಿನ ಗೆರೆ ಅಲ್ಲೇ ಒಣಗಿ ಕೂತಿರುತ್ತದೆ.

ಓಡಿಸುವಾಗ ಹಾಡು ಬಂದ್, ಎಸಿ ಬಂದ್, ಕಿಟಕಿ ಇಳಿಸಿ. ಮೂರನೇ ಗೇರಿನಲ್ಲಿ ನಲವತ್ತರ ವೇಗದಿಂದ ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ ಟರ್ಬೊ 2,000 ಆರ್‌ಪಿಎಂ ಆಸುಪಾಸಿನಲ್ಲಿ ಎಚ್ಚೆತ್ತು ಬೆನ್ನಿಗೆ ಒತ್ತು ಕೊಡಬೇಕು. ಸಣ್ಣ ಸಿಳ್ಳೆ ಸಹಜ, ಆಂಬುಲೆನ್ಸಿನ ಕೂಗು ಅಲ್ಲ. ಆರ್‌ಪಿಎಂ ಮುಳ್ಳು ಜಿಗಿದು ಕಾರು ಮಾತ್ರ ಹಾಗೇ ಇದ್ದರೆ ಕ್ಲಚ್ ಜಾರುತ್ತಿದೆ.

ದೆಹಲಿಯ ಕಾರುಗಳದು ಬೇರೆಯೇ ಅಧ್ಯಾಯ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹಾಕಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಬೆಲೆ ಬಿತ್ತು. ಆದರೆ ಹೊರರಾಜ್ಯದ ಕಾರು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಕೆಎ ನಂಬರ್ ಮಾಡಿಸಬೇಕು, ಆಜೀವ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿದರೆ ಅಗ್ಗದ ಕಾರು ಅಗ್ಗವಾಗಿ ಉಳಿಯುವುದಿಲ್ಲ. ಹದಿನೈದು ವರ್ಷ ಸಮೀಪಿಸಿದ ಕಾರಾದರೆ ನೋಂದಣಿ ನವೀಕರಣವೂ ಕಾದಿದೆ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು.

ಕಾಗದಪತ್ರದಲ್ಲಿ ಫಾರಂ 29, 30 ಎರಡಕ್ಕೂ ಆರ್‌ಸಿಯಲ್ಲಿರುವ ಮಾಲೀಕನದೇ ಸಹಿ ಬೇಕು. ಸಾಲದಲ್ಲಿ ಕೊಂಡ ಕಾರಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು, ಹೆಸರು ಬದಲಿಸದೆ ಮೂರು ಕೈ ದಾಟಿಸುವ ದಲ್ಲಾಳಿಗಳ ರೂಢಿಗೆ ಬಲಿಯಾಗುವವನು ಮಾರಿದವನೂ ಹೌದು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದದ್ದು ಇಂಥದೇ ಕಾರು: ಕೈಯಿಂದ ಕೈಗೆ ಮಾರಾಟವಾಗಿ, ಕೊನೆಯವರ ಬಳಿ ಇದ್ದಾಗ ಅಪಘಾತವಾಗಿತ್ತು. ನೋಂದಣಿಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದಿತು ಕೋರ್ಟು. ವಿಮೆಯ ವರ್ಗಾವಣೆಗೆ ಹದಿನಾಲ್ಕು ದಿನದೊಳಗೆ ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್ ಮಾತ್ರ ಹಳೆಯ ಮಾಲೀಕನ ಜೊತೆಗೇ ಹೋಗುತ್ತದೆ, 'ಐವತ್ತು ಪರ್ಸೆಂಟ್ ಎನ್‌ಸಿಬಿ ಇದೆ ಸಾರ್' ಎಂದು ಅದಕ್ಕೂ ಬೆಲೆ ಕೇಳಿದರೆ ನಕ್ಕು ಸುಮ್ಮನಾಗಬಹುದು.

ಎಲ್ಲ ಮುಗಿದು ಹಣ ಎಣಿಸುವ ಹೊತ್ತಿಗೆ ಕೇಳಬೇಕಾದದ್ದು ಎರಡನೇ ಕೀಲಿ. ಈ ಕಾರುಗಳ ಕೀಲಿಯೊಳಗೆ ಚಿಪ್ ಇರುತ್ತದೆ, ರಸ್ತೆಬದಿಯ ಅಂಗಡಿಯಲ್ಲಿ ಉಜ್ಜಿಸಿಕೊಂಡು ಬರುವ ವಸ್ತುವಲ್ಲ. 'ಮನೇಲಿದೆ ಅಣ್ಣಾ, ನಾಳೆ ಹುಡುಗನ ಕೈಲಿ ಕಳಿಸ್ತೀನಿ' ಎಂಬ ಉತ್ತರ ಬಂದರೆ ಬೇಸರಪಡುವ ಅಗತ್ಯವಿಲ್ಲ. ಹತ್ತು ಸಾವಿರ ತೆಗೆದು ಜೇಬಿಗಿಟ್ಟುಕೊಂಡು, ಅದೇ ಹುಡುಗನ ಕೈಯಲ್ಲಿ ನಾಳೆ ಕೊಟ್ಟು ಕಳಿಸುತ್ತೇನೆ ಎಂದರಾಯಿತು.